ಐಸಿಟ್ಟು ನೋಡಿದ ಕೋವಿ

ಈ ವರ್ಷ ಜನವರಿಯ ಎರಡನೇ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಶಿರಿಯದಲ್ಲಿ ನನ್ನ ಮನೆಯ ಚಾವಡಿ. ಹಾಜರಿದ್ದವರು ನಾನು, ನನ್ನ ತಂಗಿ, ತಂಗಿಯ ಮಗಳು. ಮೇಜಿನ ಮೇಲೆ ಮಡಚಿದ ಕಂಬಳಿ, ಅದರ ಮೇಲೆ ತಂಗಿಯ ಮಗಳ ರೈಫಲ್.

ಕೆಲಸಕ್ಕೆ ಕೈ ಹಾಕುವ ಮೊದಲು ಇಷ್ಟನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಸೈನ್ಯದಲ್ಲಿ ನಾನು ಕೋವಿ ಹಾರಿಸಿದ್ದು ಕಡಿಮೆ, ರಿಪೇರಿ ಮಾಡಿದ್ದು ಹೆಚ್ಚು. ಪಟಾಲಮಿನ ವರ್ಕ್‌ಶಾಪಿನಲ್ಲಿ ನಮಗೆ ಕಲಿಸಿದ ಹವಾಲ್ದಾರರು ಎಂದೂ ದನಿ ಏರಿಸಿದವರಲ್ಲ. ಆದರೆ ದಿನ, ಗಂಟೆ, ಎದುರಿಗಿರುವವರು ಯಾರು ಎಂದು ಹೇಳದೆ ಸ್ಕ್ರೂಡ್ರೈವರ್ ಮುಟ್ಟಿದವನನ್ನು ಅಂಗಳಕ್ಕೆ ಕಳಿಸಿ, ಮತ್ತೆ ಬಾಗಿಲಿನಿಂದ ಒಳಗೆ ಬರಲು ಹೇಳುತ್ತಿದ್ದರು. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಆ ಪದ್ಧತಿ ಬಿಟ್ಟಿಲ್ಲ. ಮನೆಯ ಮಿಕ್ಸಿ ಬಿಚ್ಚುವಾಗಲೂ ಹೇಳುತ್ತೇನೆ. ತಂಗಿ ನಗುತ್ತಾಳೆ. ಆ ಶನಿವಾರ ನಗಲಿಲ್ಲ.

ಅವರಿಬ್ಬರೂ ಅಗಲ್ಪಾಡಿ ಕಡೆಯಿಂದ ಫೋನು ಕೂಡ ಮಾಡದೆ ಕಾರಿನಲ್ಲಿ ಬಂದಿದ್ದರು. ತಂಗಿಯ ಮಗಳನ್ನು ನಮ್ಮಲ್ಲಿ ಸೊಸೆ ಎನ್ನುವುದು ರೂಢಿ. ಶಾಲೆಯೊಂದರಲ್ಲಿ ಆಟದ ಟೀಚರ್. ಬಿಡುವಿನಲ್ಲಿ ರೈಫಲ್ ಕ್ಲಬ್ಬಿನ ಸ್ಪರ್ಧೆಗಳಿಗೆ ಹೋಗುವವಳು. ಮನೆಯಲ್ಲಿ ನಮ್ಮ ಮಾತು ತುಳು. ಇವಳು ಮಾತ್ರ ಗಾಬರಿಯಾದರೆ ಚಿಕ್ಕಂದಿನಿಂದಲೂ ಶಾಲೆಯ ಕನ್ನಡಕ್ಕೆ ತಿರುಗುತ್ತಾಳೆ, ಆಗ ನಾವೂ ತಿರುಗುತ್ತೇವೆ. ಚಾವಡಿಯ ಮೆಟ್ಟಿಲು ಹತ್ತುತ್ತಲೇ ಅವಳು ಕನ್ನಡದಲ್ಲಿ ಹೇಳಿದಳು:

"ಮಾವ, ಇದು ನಿನ್ನೆ ತಾನಾಗಿ ಹಾರಿತು."

ನಾನು ಮೊದಲು ಮಾಡಿದ್ದು ಮಾಡಬೇಕಾದದ್ದನ್ನೇ. ರೈಫಲಿನ ಬಾಯಿ ತೆರೆದು ಕಣ್ಣಿನಿಂದ ನೋಡಿದೆ, ಕಿರುಬೆರಳು ಹಾಕಿ ಮುಟ್ಟಿದೆ, ಅವಳೂ ಹಾಗೆಯೇ ನೋಡಿ ಮುಟ್ಟಿದಳು. ಇಬ್ಬರೂ "ಖಾಲಿ" ಎಂದೆವು. ಆಮೇಲೆ ಕೂತು ಕೇಳಿದೆ.

ಕ್ಲಬ್ಬಿನವರು ಅಭ್ಯಾಸ ಮಾಡುವುದು ಕೆಲಸ ನಿಂತ ಒಂದು ಮುರಕಲ್ಲಿನ ಕೋರೆಯಲ್ಲಿ, ಕಲ್ಲು ಕಡಿದು ತೆಗೆದ ದೊಡ್ಡ ಹೊಂಡದಲ್ಲಿ. ಮೂರು ಕಡೆ ಕಡಿದ ಕೆಂಪು ಗೋಡೆ ಇರುವುದರಿಂದ ಗುಂಡು ಎಲ್ಲಿಗೂ ಹೋಗುವುದಿಲ್ಲ. ಶುಕ್ರವಾರ ಬೆಳಕು ಹರಿಯುವಾಗ ಇವಳೂ ಇವಳ ಶಾಲೆಯ ಇನ್ನೊಬ್ಬ ಟೀಚರೂ ಅಲ್ಲಿದ್ದರು. ಆ ಟೀಚರ್ ಆಚೆ ತುದಿಗೆ ಹೋಗಿ ಗುರಿಯ ಕಾಗದ ಸಿಕ್ಕಿಸಿ ಹಿಂದೆ ಬಂದು ಚಾಪೆಯ ಮೇಲೆ ಕೂತರು. ನೀರಿನ ಬಾಟ್ಲಿಯ ಮುಚ್ಚಳ ತೆಗೆದರು. ಇವಳು ಮಲಗಿ ಗುಂಡು ಹಾಕಿ ಬೋಲ್ಟ್ ಮುಚ್ಚಿದಳು. ಬೋಲ್ಟ್ ಎಂದರೆ ಗುಂಡನ್ನು ಒಳಗೆ ತಳ್ಳಿ ಬಾಯಿ ಮುಚ್ಚುವ ಉಕ್ಕಿನ ಅಗುಳಿ. ಮುಚ್ಚಿದ್ದೇ ತಡ, ಗುಂಡು ಹಾರಿತು.

"ಬೆರಳು ಹೊರಗೆ ಇತ್ತು ಮಾವ. ದೇವರಾಣೆ ಹೊರಗೆ ಇತ್ತು."

"ಆಣೆ ಬೇಡ. ಆಮೇಲೆ?"

"ಅವಳು ನಗಾಡಿದಳು. 'ಎಂತ ಮಾರಾಯ್ತಿ, ಕೋರೆಗೇ ಗುರಿ ಇಟ್ಟದ್ದಾ, ಅದು ದೊಡ್ಡದುಂಟು, ತಪ್ಪುದಿಲ್ಲ' ಅಂದಳು. ನಾನೂ ನಕ್ಕೆ. ಅವಳಿಗೆ ಹೇಳಲಿಲ್ಲ."

"ಯಾಕೆ?"

"ಒಂದು ನಿಮಿಷ ಮೊದಲು ಅವಳು ಅಲ್ಲಿ ನಿಂತಿದ್ದಳು ಅಲ್ವಾ ಮಾವ."

ತಂಗಿ ಒಳಗಿನಿಂದ ಚಾ ತಂದವಳು ಲೋಟ ಇಡುವುದನ್ನು ಮರೆತು ನಿಂತಿದ್ದಳು. ಇಷ್ಟು ಅವಳಿಗೂ ಗೊತ್ತಿರಲಿಲ್ಲ.

ಮರುದಿನ, ಭಾನುವಾರ, ಅದೇ ಕೋರೆಯಲ್ಲಿ ಆಯ್ಕೆಯ ಸ್ಪರ್ಧೆ. ಸಾಲಾಗಿ ಚಾಪೆ ಹಾಸಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಮಲಗಿ ಹೊಡೆಯುತ್ತಾರೆ. ವರ್ಷದಿಂದ ಇವಳು ಅದಕ್ಕಾಗಿ ನಸುಕಿಗೆ ಎದ್ದವಳು. ರೇಂಜಿನ ಉಸ್ತುವಾರಿಗೆ ತಿಳಿಸಿದರೆ ಆ ರೈಫಲನ್ನು ಸಾಲಿಗೆ ಬಿಡುವುದಿಲ್ಲ. ಬೇರೆ ರೈಫಲ್ ಇಲ್ಲ.

"ನೀವು ನೋಡಿ ಸರಿ ಉಂಟು ಅಂತ ಹೇಳಿದರೆ ತಗೊಂಡು ಹೋಗ್ತೇನೆ. ನೀವು ಹೇಳಿದರೆ ಸಾಕು" ಎಂದಳು.

ನನಗೆ ಹೆದರಿಕೆ ಶುರುವಾದದ್ದು ಆ ಮಾತಿನಿಂದ.

ಆ ರೈಫಲನ್ನು ಆರಿಸಿದವನು ನಾನೇ. ಲೈಸೆನ್ಸ್ ಬಂದ ಮೇಲೆ ಕೋವಿಯಂಗಡಿಗೆ ಅವಳ ಜೊತೆ ಹೋಗಿದ್ದೆ. ಅಂಗಡಿಯವರು ಮೊದಲು ಹೊಳೆಯುವ ಪಿಸ್ತೂಲುಗಳನ್ನು ಎದುರಿಗಿಟ್ಟರು. ಪಿಸ್ತೂಲಿನ ಹುಚ್ಚು ಬೇರೆ. ಗಲ್ಫಿನಿಂದ ಬಂದ ನಮ್ಮ ನೆರೆಯವರೊಬ್ಬರು ಸೊಂಟಕ್ಕೆ ಕಟ್ಟಿಕೊಳ್ಳಲು ಯಾವುದು ಒಳ್ಳೆಯದೆಂದು ನನ್ನನ್ನು ಕೇಳುತ್ತಲೇ ಇದ್ದರು. "ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿಕ್ಕೆ, ಉಪ್ಪಳದ ಮಾರ್ಕೆಟ್ಟಿಗಾ? ಬಗ್ಗಿ ಬಂಗುಡೆ ಆರಿಸುವಾಗ ಕೆಳಗೆ ಬಿದ್ದೀತು" ಎಂದ ಮೇಲೆ ಬಿಟ್ಟರು. ಸೊಂಟದ ಕೋವಿ ಮನುಷ್ಯನ ಜೊತೆ ಎಲ್ಲ ಕಡೆಗೂ ಹೋಗುತ್ತದೆ, ಅವನ ಸಿಟ್ಟಿನ ಜೊತೆಗೂ. ಸ್ಪರ್ಧೆಯ ರೈಫಲ್ ಪೆಟ್ಟಿಗೆಯಿಂದ ಚಾಪೆಗೆ, ಚಾಪೆಯಿಂದ ಪೆಟ್ಟಿಗೆಗೆ. ಅದಕ್ಕೇ ನಾನು ಒಪ್ಪಿದ್ದು.

ಸಣ್ಣ ಗುಂಡಿನ, ಒಂದೊಂದೇ ಗುಂಡು ಹಾಕುವ, ಭಾರದ ನಳಿಗೆಯ ರೈಫಲ್ ತೆಗೆದುಕೊಂಡೆವು. ಅವಳ ಕೈ ಗಿಡ್ಡ, ಕುತ್ತಿಗೆ ಉದ್ದ. ಭುಜಕ್ಕೆ ಆನಿಸುವ ಮರವನ್ನು ಕೊಯ್ದು ಗಿಡ್ಡ ಮಾಡಿದೆ. ಕೆನ್ನೆ ಇಡುವಲ್ಲಿ ಹಲಸಿನ ಮರದ ತುಂಡು ಕೂರಿಸಿ ಅವಳ ಕೆನ್ನೆಯೆಲುಬಿಗೆ ಸರಿಯಾಗಿ ತಗ್ಗು ತೆಗೆದೆ. ಸೆಕೆಗೆ ಅವಳ ಅಂಗೈ ಬೆವರುತ್ತದೆಂದು ಹಿಡಿಯುವ ಜಾಗವನ್ನು ತರಿತರಿ ಮಾಡಿದೆ. ಕೊನೆಗೆ ಟ್ರಿಗ್ಗರನ್ನು ಅವಳ ಬೆರಳಿಗೆ ಹೊಂದುವಂತೆ ಹಗುರ ಮಾಡಿ, ಅದರ ಸ್ಕ್ರೂವಿನ ತಲೆಗೆ ಅವಳದೇ ಕೆಂಪು ನೈಲ್ ಪಾಲಿಶ್ ಹಚ್ಚಿ ಮೊಹರು ಮಾಡಿದೆ. "ಇದನ್ನು ಮುಟ್ಟಬೇಡ, ನಳಿಗೆ ಮಾತ್ರ ಕ್ಲೀನ್ ಮಾಡು" ಎಂದೆ. ಅವಳು ಹೇಳಿದ ಹಾಗೆ ಕೇಳುವವಳು.

ಶನಿವಾರ ಬೆಳಿಗ್ಗೆ ಆ ಕೆಂಪು ಚುಕ್ಕೆ ಒಡೆಯದೆ ಹಾಗೆಯೇ ಇತ್ತು. ಯಾರೂ ಬಿಚ್ಚಿಲ್ಲ.

ಬಿಚ್ಚಿ ನೋಡುವುದು ಸುಲಭ. ಆದರೆ ಕಂಡ ತಪ್ಪನ್ನು ಮೊದಲು ಇನ್ನೊಮ್ಮೆ ಕಾಣಬೇಕು, ಆಮೇಲೆ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ತಪ್ಪು ಕೈಯಲ್ಲೇ ಒರೆಸಿಹೋಗುತ್ತದೆ, ಏನಾಗಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ. ವರ್ಕ್‌ಶಾಪಿನ ಕಟ್ಟುಪಾಡು ಅದು. ಹಾಗಾಗಿ ಇದ್ದಂತೆಯೇ ಪರೀಕ್ಷೆ ಶುರು ಮಾಡಿದೆ. ನಳಿಗೆಯ ತುದಿಯನ್ನು ಮರಳಿನ ಬಕೆಟ್ಟಿನ ಕಡೆಗೆ ತಿರುಗಿಸಿ, ಗುಂಡಿಲ್ಲದೆ ಬೋಲ್ಟ್ ಮುಚ್ಚಿದೆ, ತೆಗೆದೆ. ಮೆಲ್ಲಗೆ ಮುಚ್ಚಿದೆ, ಜೋರಾಗಿ ಮುಚ್ಚಿದೆ. ಮರದ ಸುತ್ತಿಗೆಯಿಂದ ಹಿಂಬದಿಗೆ ತಟ್ಟಿದೆ. ಪ್ರತಿ ಸಲವೂ ಟ್ರಿಗ್ಗರ್ ಹಿಡಿದೇ ಇತ್ತು, ತಾನಾಗಿ ಬಿಡಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಅಂಗಳದ ಬಿಸಿಲು ಚಾವಡಿಗೆ ಬಂತು. ರೈಫಲ್ ಒಳ್ಳೆಯ ಮಗುವಿನ ಹಾಗೆ ನಡೆದುಕೊಂಡಿತು.

ಮುರಿದ ಕೋವಿಗೆ ನಾನು ಎಂದೂ ಹೆದರಿದವನಲ್ಲ. ಮುರಿದದ್ದು ಮುರಿದಿದೆ ಎಂದು ತೋರಿಸುತ್ತದೆ. ಇದು ತೋರಿಸುತ್ತಿರಲಿಲ್ಲ. ಖಾಲಿ ಎಂದು ಇಬ್ಬರೂ ನೋಡಿದ್ದ ರೈಫಲ್. ಆದರೂ ಬೋಲ್ಟ್ ಮುಚ್ಚುವಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಸೊಸೆಗೆ ನನಗಿಂತ ಮೊದಲು ಗೊತ್ತಾಗಿತ್ತು.

"ಮಾವ, ನಿಮಗೂ ಹೆದರಿಕೆಯಾ?"

"ಹೌದು."

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಲೈಸೆನ್ಸ್ ಅವಳ ಹೆಸರಿನಲ್ಲಿರುವುದರಿಂದ ರೈಫಲ್ ಇರುವಲ್ಲಿ ಅವಳು ಇರಲೇಬೇಕು. ಎದ್ದು ಒಳಗೆ ಹೋಗು ಎಂದು ಹೇಳುವ ಹಾಗೂ ಇರಲಿಲ್ಲ. ತಂಗಿ ಬಾಗಿಲಲ್ಲಿ ನಿಂತು, "ಏನೂ ತಪ್ಪಿಲ್ಲ ಅಂತಾದ್ರೆ ಇಲ್ಲ ಅಂತಲೇ ಹೇಳಿಬಿಡು ಅಣ್ಣ. ಇವಳಿಗೇ ಬೆರಳು ತಾಗಿದ್ದು ಗೊತ್ತಾಗ್ಲಿಲ್ಲವೋ ಎಂತದೋ" ಎಂದಳು.

"ತಾಗ್ಲಿಲ್ಲ ಅಮ್ಮ!"

ಹಾಗೆ ಹೇಳಿಬಿಡಬಹುದಿತ್ತು. ನನ್ನ ಮೇಜಿನಲ್ಲಿ ಸಿಗದ ತಪ್ಪು ಎಲ್ಲಿಯೂ ಇಲ್ಲ ಎನ್ನುವುದು ನಿವೃತ್ತರಿಗೆ ಸುಖದ ಮಾತು. ಆದರೆ ನನ್ನ ಕಣ್ಣೆದುರು ನಿಂತದ್ದು ಕೋರೆಯ ಆಚೆ ತುದಿಯಲ್ಲಿ ಕಾಗದ ಸಿಕ್ಕಿಸುತ್ತಿರುವ ಆ ಟೀಚರ್. ನಾನು ಅವರನ್ನು ನೋಡಿದವನೂ ಅಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು.

ಸೊಸೆಗೆ ಶುಕ್ರವಾರದ ಬೆಳಗನ್ನು ಮೊದಲಿನಿಂದ ಹೇಳು ಎಂದೆ. ಗುಂಡು ಹಾರಿದ್ದಲ್ಲ, ಅದಕ್ಕೆ ಮೊದಲಿನದು. ಪೆಟ್ಟಿಗೆ ತೆರೆದದ್ದೆಲ್ಲಿ, ಇಟ್ಟದ್ದು ಎಲ್ಲಿ.

"ಎಂದಿನ ಹಾಗೆ ಮಾವ. ಹೋದ ಕೂಡಲೇ ಪೆಟ್ಟಿಗೆ ತೆರೆದು ಕಲ್ಲಿನ ಮೇಲೆ ಇಟ್ಟೆ, ಹೊರಗಿನ ಗಾಳಿಗೆ ಹೊಂದಲಿಕ್ಕೆ. ನೀವೇ ಹೇಳಿದ್ದಲ್ವಾ, ರೈಫಲಿಗೆ ಜಾಗದ ಗಾಳಿ ತಾಗಬೇಕು ಅಂತ. ಅರ್ಧ ಗಂಟೆ ಹಾಗೇ ಇತ್ತು. ಅಬ್ಬ, ಎಂತ ಚಳಿ ಮಾವ ಈ ವಾರ! ಕೋರೆಯೊಳಗೆ ಮಂಜು ಇಳಿದು ಕೂತಿತ್ತು. ಕಬ್ಬಿಣ ಮುಟ್ಟಿದರೆ ಕೈ ಜುಂ ಅಂತಿತ್ತು."

"ಎಷ್ಟನೇ ಗುಂಡು ಅದು?"

"ಮೊದಲಿನದ್ದೇ. ಆಮೇಲೆ ನಾನು ಹೊಡೀಲೇ ಇಲ್ಲ."

ಮೊದಲ ಗುಂಡು, ತಣ್ಣಗಿನ ಕಬ್ಬಿಣ. ಹೊರಟು ಕಾರಿನಲ್ಲಿ ಬಂದು ನನ್ನ ಮೇಜಿಗೆ ಮುಟ್ಟುವಾಗ ಅದೇ ಕಬ್ಬಿಣ ಬೆಚ್ಚಗಾಗಿತ್ತು. ಬೆಳಗಿನಿಂದ ನಾನು ಪರೀಕ್ಷೆ ಮಾಡಿದ್ದು ಬೇರೆಯೇ ಒಂದು ರೈಫಲನ್ನು ಎಂದ ಹಾಗಾಯಿತು.

ಫ್ರಿಜ್ಜಿನಲ್ಲಿ ಅಷ್ಟುದ್ದದ್ದು ಹಿಡಿಯುವುದಿಲ್ಲ. ಆದರೆ ಶಿರಿಯದಲ್ಲಿ ಐಸಿಗೆ ಬರವಿಲ್ಲ. ಹೊಳೆ ಸಮುದ್ರ ಸೇರುವಲ್ಲಿ ದೋಣಿಗಳು ಮೀನು ಇಳಿಸುವ ಜಾಗಕ್ಕೆ ತಂಗಿಯನ್ನು ಕಳಿಸಿದೆ. ಅವಳು ಬಕೆಟ್ ತುಂಬ ಪುಡಿ ಐಸು ಹಿಡಿದುಕೊಂಡು ಬಂದಳು.

"ಆ ಮೀನಿನವ ಬಿಡುದೇ ಇಲ್ಲ ಅಣ್ಣ. 'ಎಂತ ಅಕ್ಕ, ಮೀನಿಲ್ಲದೆ ಬರೀ ಐಸಾ, ಮನೆಯಲ್ಲಿ ಯಾರಿಗೆ ಪೆಟ್ಟಾಯ್ತು' ಅಂತ ಕೇಳಿದ."

"ನೀನೆಂತ ಹೇಳಿದೆ?"

"ಆಗ್ಲಿಲ್ಲ, ಆಗದ ಹಾಗೆ ನೋಡ್ಲಿಕ್ಕೆ ಅಂದೆ. ಹುಚ್ಚು ಹಿಡಿದಿದೆ ಅಂತ ತಿಳ್ಕೊಂಡಿರ್ಬೇಕು."

ಐಸನ್ನು ನೀರು ಸೋರದ ಪ್ಲಾಸ್ಟಿಕ್ ಕವರುಗಳಿಗೆ ತುಂಬಿ ಬಾಯಿ ಕಟ್ಟಿದೆವು. ಟ್ರಿಗ್ಗರ್ ಇರುವ ಭಾಗದ ಎರಡೂ ಪಕ್ಕಕ್ಕೆ ಇಟ್ಟು ಮೇಲಿಂದ ಮೈ ಒರೆಸುವ ಬೈರಾಸು ಸುತ್ತಿದೆ. ಕಾದೆವು. ಹಂಚಿನ ಮೇಲೆ ಕಾಗೆ ನಡೆಯುವುದು ಕೇಳುತ್ತಿತ್ತು. ಆಮೇಲೆ ಬೈರಾಸು ಬಿಚ್ಚಿ, ಮತ್ತೊಮ್ಮೆ ನೋಡಿ ಮುಟ್ಟಿ "ಖಾಲಿ" ಎಂದು ಹೇಳಿ, ಮೂವರೂ ನಳಿಗೆಯ ಹಿಂಬದಿಗೆ ಬಂದು ನಿಂತೆವು. ನಾನು ಬೋಲ್ಟನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ಕೆಳಕ್ಕೆ ಮುಚ್ಚಿದೆ.

ಟಪ್.

ಯಾರ ಬೆರಳೂ ಟ್ರಿಗ್ಗರಿನ ಹತ್ತಿರ ಇರಲಿಲ್ಲ. ಗುಂಡಿನ ಹಿಂಬದಿಗೆ ಬಡಿದು ಅದನ್ನು ಹಾರಿಸುವ ಒಳಗಿನ ಸೂಜಿ ತಾನಾಗಿ ಮುಂದಕ್ಕೆ ಬಡಿದಿತ್ತು. ಗುಂಡು ಇದ್ದಿದ್ದರೆ ಮರಳಿನ ಬಕೆಟ್ಟಿಗೆ ಹೋಗುತ್ತಿತ್ತು. ತಂಗಿ ಕಿವಿ ಮುಚ್ಚಿಕೊಂಡಿದ್ದಳು, ಅಷ್ಟು ಸಣ್ಣ ಸದ್ದಿಗೆ. ಸೊಸೆ ನನ್ನ ಅಂಗಿಯ ತೋಳನ್ನು ಹಿಡಿದಿದ್ದಳು. ಇನ್ನೊಮ್ಮೆ ಮುಚ್ಚಿದೆ. ಇನ್ನೊಮ್ಮೆ ಟಪ್.

ತಪ್ಪು ಸಿಕ್ಕಿದರೆ ಹೆದರಿಕೆ ಇಳಿಯುತ್ತದೆಂದು ಎಣಿಸಿದ್ದೆ. ಇಳಿಯಲಿಲ್ಲ. ನಿನ್ನೆ ನಡೆದದ್ದು ಆ ಸದ್ದಿನ ಜೊತೆ ನಮ್ಮ ಚಾವಡಿಯೊಳಗೇ ಬಂದ ಹಾಗಾಯಿತು.

ಈಗ ಬಿಚ್ಚಬಹುದು. ಕೆಂಪು ಮೊಹರು ಕೆರೆದು ಸ್ಕ್ರೂ ತೆಗೆದು, ಟ್ರಿಗ್ಗರಿನ ಪೆಟ್ಟಿಗೆಯನ್ನು ಬಿಳಿ ಬಟ್ಟೆಯ ಮೇಲೆ ತೆರೆದಿಟ್ಟೆ. ಬೋಲ್ಟ್ ಮುಚ್ಚಿದಾಗ ಒಂದು ಪುಟ್ಟ ಕೊಕ್ಕೆ ಮೇಲೆದ್ದು ಸೂಜಿಯನ್ನು ತಡೆದು ಹಿಡಿಯಬೇಕು. ಆ ಕೊಕ್ಕೆಯ ಸುತ್ತ ಬೆಳ್ಳಗೆ, ತುಪ್ಪ ಹೆಪ್ಪುಗಟ್ಟಿದ ಹಾಗೆ, ಏನೋ ಕೂತಿತ್ತು. ಕೊಕ್ಕೆ ಅದರಲ್ಲಿ ಸಿಕ್ಕಿಕೊಂಡು ಏಳಲಾರದೆ ಅರ್ಧದಲ್ಲಿ ನಿಂತಿತ್ತು. ನಾವು ನೋಡುತ್ತಿರುವಂತೆಯೇ ಸೆಕೆಗೆ ಆ ಬಿಳಿ ಅಂಚಿನಲ್ಲಿ ಕರಗಿ, ನೀರಿನ ಹಾಗೆ ತಿಳಿಯಾಗಿ ಬಟ್ಟೆಗೆ ಇಳಿಯತೊಡಗಿತು.

ಹೇಳಿಕೊಡಬೇಕಾದ್ದೇ ಇರಲಿಲ್ಲ. ಜನವರಿ ಬಂತೆಂದರೆ ನಮ್ಮ ಕಡೆಯ ಪ್ರತಿ ಬಚ್ಚಲಿನಲ್ಲಿಯೂ ಒಂದು ಬಾಟ್ಲಿ ಹೀಗೆಯೇ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ತಲೆಗೆ ಹಾಕಬೇಕಾದರೆ ಬಿಸಿಲಿಗಿಡಬೇಕು, ಇಲ್ಲವೆ ಕಡ್ಡಿ ಹಾಕಿ ಕೀಳಬೇಕು. ತೆಂಗಿನೆಣ್ಣೆ. ಅದರ ವಾಸನೆ ಬೆಳಗಿನಿಂದಲೂ ಮೇಜಿನ ಮೇಲೆ ಇದ್ದಿರಬೇಕು. ಆದರೆ ತಂಗಿಯ ತಲೆಯಲ್ಲಿ, ಅಡುಗೆಮನೆಯ ಬಾಣಲೆಯಲ್ಲಿ, ನನ್ನದೇ ಮೊಣಕಾಲಿನಲ್ಲಿ ಅದೇ ಇರುವಾಗ ನಮಗೆ ಅದೊಂದು ವಾಸನೆಯೇ ಅಲ್ಲ.

ಸೊಸೆ ತಾಯಿಯ ಮುಖ ನೋಡಿದಳು. ತಂಗಿ ಬಟ್ಟೆಯ ಮೇಲಿನ ಕಲೆಯನ್ನೇ ನೋಡುತ್ತಿದ್ದಳು.

"ಆಟಿ ತಿಂಗಳ ಮಳೆಯಲ್ಲಿ" ಎಂದಳು. "ನೀನು ಪೆಟ್ಟಿಗೆ ತೆರೆದು ಒರೆಸ್ತಾ ಇದ್ದೆ. ಫೋನು ಬಂತು, ಅಲ್ಲೇ ಜಗಲಿಯಲ್ಲಿ ಮಾತಾಡ್ತಾ ನಿಂತೆ. ತುಕ್ಕಿನ ಚುಕ್ಕೆ ಕಂಡಿತು. ನಾನು ಸ್ವಲ್ಪ ಎಣ್ಣೆ ಸುರಿದೆ. ಗಾಣದ್ದು, ನಮ್ಮದೇ ಕಾಯಿಯದ್ದು. ಒಳ್ಳೆಯದೇ ಅಲ್ವಾ ಅಂತ. ಅಪ್ಪನ ಕೋವಿಗೆ ಅಮ್ಮ ಅದನ್ನೇ ಅಲ್ವಾ ಅಣ್ಣ ಹಾಕ್ತಾ ಇದ್ದದ್ದು?"

ನಿಜ. ತೋಟಕ್ಕೆ ಹಂದಿ ಬಾರದ ಹಾಗೆ ಅಪ್ಪ ಇಟ್ಟುಕೊಂಡಿದ್ದ ಹಳೆಯ ಕೋವಿಗೆ ಅಮ್ಮ ಮಳೆಗಾಲ ಪೂರ್ತಿ ತೆಂಗಿನೆಣ್ಣೆ ಸವರುತ್ತಿದ್ದಳು. ಅದರಲ್ಲಿ ಗುಂಡಿಗೆ ಬಡಿಯುವ ಕುದುರೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಬೆಲ್ಲ ಸವರಿದ್ದರೂ ಬೀಳುತ್ತಿತ್ತು. ಈ ಕೊಕ್ಕೆ ಅಕ್ಕಿಕಾಳಿನಷ್ಟು. ನಾನು ಅದನ್ನು ಹಗುರ ಮಾಡಿದ್ದರಿಂದ, ಅಂಟಿದರೆ ಬಿಡಿಸಿಕೊಳ್ಳುವ ಬಲವೂ ಅದಕ್ಕೆ ಕಡಿಮೆ. ಆಟಿಯಿಂದ ಡಿಸೆಂಬರಿನವರೆಗೆ ಎಣ್ಣೆ ಎಣ್ಣೆಯಾಗಿಯೇ ಇತ್ತು, ಏನೂ ಆಗಲಿಲ್ಲ. ಈ ವಾರದ ಚಳಿಗೆ ಕಾದಿತ್ತು.

"ನಾನು ಕೊಂದು ಹಾಕ್ತಿದ್ದೆ" ಎಂದಳು ತಂಗಿ. "ಆ ಟೀಚರ್ ಹುಡುಗಿಯನ್ನು. ಮನೆಗೆ ಬಂದರೆ ನನ್ನ ಕೈಯಿಂದಲೇ ಬಡಿಸಿಕೊಂಡು ತಿನ್ನುವವಳು."

ಸೊಸೆ ಎದ್ದು ತಾಯಿಯ ಪಕ್ಕ ಕೂತಳು. ಬೈಯಲಿಲ್ಲ. "ಅಮ್ಮ, ನಡುಗಬೇಡಿ ಮಾರಾಯ್ರೆ, ನನಗೂ ಬರ್ತದೆ" ಎಂದಳಷ್ಟೆ.

ನನಗೆ ಗೊತ್ತಿದ್ದದ್ದು ಕೆಲಸ ಮಾಡುವುದು. ಅಂಗಳಕ್ಕೆ ಹೋಗಿ ಪ್ರತಿಯೊಂದು ಭಾಗವನ್ನೂ ಪೆಟ್ರೋಲಿನಲ್ಲಿ ತೊಳೆದೆ, ಬ್ರಶ್ಶಿನಿಂದ ಉಜ್ಜಿದೆ, ಒಣಗಿಸಿದೆ, ಮತ್ತೆ ತೊಳೆದೆ. ಬೋಲ್ಟಿನ ಒಳಗೂ ಎಣ್ಣೆ ಇಳಿದಿತ್ತು. ಅದನ್ನೂ ಬಿಚ್ಚಿ ತೊಳೆದೆ. ಟ್ರಿಗ್ಗರಿಗೆ ಯಾವ ಎಣ್ಣೆಯನ್ನೂ ಹಾಕದೆ ಒಣಗಿದ್ದನ್ನು ಹಾಗೆಯೇ ಜೋಡಿಸಿದೆ. ಜೋಡಿಸುವಾಗ ಅವಳನ್ನು ಕೇಳದೆ ಟ್ರಿಗ್ಗರನ್ನು ಮೊದಲಿಗಿಂತ ಗಟ್ಟಿ ಮಾಡಿದೆ. ಅವಳು ಬೆರಳಿಟ್ಟು ನೋಡಿದಳು.

"ಇಷ್ಟು ಗಟ್ಟಿ ಮಾಡಿದ್ರೆ ನಾನು ಸಿಲೆಕ್ಟ್ ಆದ ಹಾಗೆಯೇ ಮಾವ. ಬಾವಿಯಿಂದ ನೀರು ಎಳೆದ ಹಾಗಾಗ್ತದೆ."

"ಎಳಿ."

ಊಟದ ನಂತರ ತಂಗಿ ಮತ್ತೆ ಐಸು ತಂದಳು. ಕಟ್ಟಿದೆವು, ಕಾದೆವು, ಮುಚ್ಚಿದೆ. ಕೊಕ್ಕೆ ಹಿಡಿಯಿತು. ಐಸು ನೀರಾಗುವವರೆಗೂ ಮುಚ್ಚಿ ತೆಗೆದು, ಜೋರಾಗಿ ತಟ್ಟಿ, ಓರೆ ಹಿಡಿದು ನೋಡಿದೆ. ಪ್ರತಿ ಸಲವೂ ಹಿಡಿಯಿತು. ಪ್ರತಿ ಸಲವೂ ನನ್ನ ಕಣ್ಣು ಮುಚ್ಚಿಯೇ ಹೋಯಿತು.

"ಈಗ ಸರಿ ಉಂಟು ಅಂತ ಹೇಳ್ತೀರಾ?" ಎಂದು ಅವಳು ಕೇಳಿದಳು.

ಬೆಳಗಿನಿಂದ ನಾನು ಹೆದರಿದ್ದು ಈ ಪ್ರಶ್ನೆಗೆ. ಮನೆಯಲ್ಲಿ ನಿಜವಾದ ಗುಂಡು ಹಾಕಿ ನೋಡುವ ಹಾಗಿಲ್ಲ. ಕೋರೆಯ ಚಳಿ ಬೇರೆ, ಮೀನಿನ ಐಸು ಬೇರೆ.

"ನನ್ನ ಮೇಜಿನ ಮೇಲೆ ಸರಿ ಉಂಟು" ಎಂದೆ. "ಕೋರೆಯಲ್ಲಿ ನನಗೆ ಗೊತ್ತಿಲ್ಲ. ನಾಳೆ ಚಾಪೆಗಳಲ್ಲಿ ಯಾರೂ ಮಲಗುವ ಮೊದಲು, ಚಳಿ ಇರುವಾಗಲೇ, ಉಸ್ತುವಾರಿಯವರು ಒಂದೇ ಗುಂಡು ಹಾಕಿ ನೋಡಬೇಕು."

"ಅದಕ್ಕೆ ಅವರಿಗೆ ಎಲ್ಲ ಹೇಳಬೇಕು."

"ಹೇಳಬೇಕು."

"ಬಿಡುದಿಲ್ಲ ಅಂದ್ರೆ?"

"ಕೂತು ನೋಡಿ ಬಾ."

ಅವಳ ಮುಖ ಕೆಂಪಾಯಿತು. ನೀವು ಒಂದು ಮಾತು ಹೇಳಿದರೆ ಸಾಕಿತ್ತು ಮಾವ ಎಂದು ಮತ್ತೊಮ್ಮೆ ಹೇಳಿದಳು, ಸಣ್ಣ ದನಿಯಲ್ಲಿ. ಅದಕ್ಕೆ ಉತ್ತರ ಕೊಟ್ಟದ್ದು ತಂಗಿ: "ಮೊದಲು ಆ ಟೀಚರಿಗೆ ಫೋನು ಮಾಡು. ಎಣ್ಣೆ ಹಾಕಿದ್ದು ನಾನು ಅಂತ ಹೇಳು. ನೀನು ಹೇಳದಿದ್ರೆ ನಾನು ಹೇಳ್ತೇನೆ."

ಅವಳು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಟೀಚರ್, "ಅದಕ್ಕೇ ನಿನ್ನೆ ನೀರು ಕೊಟ್ಟರೆ ಬಾಟ್ಲಿ ಹಿಡ್ಕೊಂಡೇ ಕೂತದ್ದಾ ನೀನು? ಕುಡಿಯಲೇ ಇಲ್ಲ" ಎಂದರು. "ನಾಳೆ ನಿನ್ನ ಜಾಗ ನನ್ನ ಪಕ್ಕದಲ್ಲೇ. ಪರೀಕ್ಷೆ ಆದ ಮೇಲೆ ಬಾ. ಅದರ ಮೊದಲು ಬಂದ್ರೆ ಚಪ್ಪಲಿಯಲ್ಲಿ ಹೊಡೀತೇನೆ, ಅಮ್ಮನಿಗೂ ಹೇಳು."

ಆಮೇಲೆ ಉಸ್ತುವಾರಿಗೂ ಫೋನು ಮಾಡಿದಳು. ಅವರು ಹೆಚ್ಚು ಮಾತಾಡುವವರಲ್ಲ. ಪೂರ್ತಿ ಕೇಳಿ, "ಬೆಳಕಾಗುವಾಗ ತನ್ನಿ, ನೋಡುವ. ಆಗದಿದ್ರೆ ಆಗುದಿಲ್ಲ" ಎಂದರು. ನಿನ್ನೆಯೇ ಯಾಕೆ ತಿಳಿಸಲಿಲ್ಲ ಎಂದು ಅವಳನ್ನು ಕೇಳಿದರು. ಅವಳು "ತಪ್ಪಾಯಿತು ಸರ್" ಎಂದಳು. ಬಿಡುತ್ತಾರೋ ಇಲ್ಲವೋ ಎಂಬುದು ಆ ದನಿಯಿಂದ ತಿಳಿಯಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಉಳಿದ ಕೆಲಸಗಳನ್ನು ಮುಗಿಸಿದೆ. ಮರಕ್ಕೆ ತಾಗಿದ್ದ ತೇವ ಒರೆಸಿದೆ. ಸ್ಕ್ರೂವಿನ ತಲೆಗೆ ಹೊಸದಾಗಿ ನೈಲ್ ಪಾಲಿಶ್ ಹಚ್ಚಿ, ಒಣಗುವವರೆಗೆ ಬೀಸಣಿಗೆಯಿಂದ ಗಾಳಿ ಹಾಕಿದೆ. ಬೋಲ್ಟನ್ನು ಹೊರತೆಗೆದು ಬೇರೆ ಚೀಲದಲ್ಲಿಟ್ಟು ಸೊಸೆಯ ಕೈಗೆ ಕೊಟ್ಟೆ. ಕೊನೆಗೆ ತಂಗಿಯಿಂದ ಕೆಂಪು ಬಟ್ಟೆಯ ಒಂದು ತುಂಡು ಕೇಳಿದೆ. ನಮ್ಮ ವರ್ಕ್‌ಶಾಪಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋವಿಗೆ ಯಾರೂ ಗುಂಡು ಹಾಕುವ ಹಾಗಿರಲಿಲ್ಲ. ಪರೀಕ್ಷೆ ಮಾಡುವವನೇ ಅದನ್ನು ಬಿಚ್ಚಬೇಕಿತ್ತು. ತಂಗಿ ತನ್ನ ಹಳೆಯ ಸೀರೆಯ ಅಂಚನ್ನು ಹರಿದು ಕೊಟ್ಟಳು. ಅದನ್ನು ನಾನೇ ಕಟ್ಟಿದೆ. ಗಂಟು ಸಡಿಲವಾಯಿತೆಂದು ಬಿಚ್ಚಿ, ಟ್ರಿಗ್ಗರಿನ ಕಾಪಿನ ಸುತ್ತ ಇನ್ನೊಮ್ಮೆ ಬಿಗಿಯಾಗಿ ಕಟ್ಟಿದೆ.